ಟಗರು ಮರಿಯ ಗುದ ಹೊರಬಂದರೆ: ಮೊದಲ ಗಂಟೆ, ವೈದ್ಯರ ಹೊಲಿಗೆ, ಆಮೇಲಿನ ಏಳು ದಿನ

ಕಳೆದ ವಾರ ಹರಪನಹಳ್ಳಿ ಕಡೆಯ ಗೆಳೆಯನೊಬ್ಬ ರಾತ್ರಿ ಹತ್ತು ಗಂಟೆಗೆ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ. ಟಗರು ಮರಿ, ಬಾಲದ ಕೆಳಗೆ ಟೊಮೆಟೊ ಗಾತ್ರದ ಕೆಂಪು ಮಾಂಸ. ಕೆಳಗೆ ಒಂದೇ ಸಾಲು: "ಅಣ್ಣ, ಕರುಳು ಹೊರಗ ಬಂದೈತಿ, ಒಳಗ ತಳ್ಳಿ ದಾರ ಕಟ್ಲೇನು?"

ತಕ್ಷಣ ಫೋನ್ ಮಾಡಿ "ದಾರ ಕಟ್ಟಬ್ಯಾಡ" ಅಂದೆ. ಆಮೇಲೆ ಅರ್ಧ ಗಂಟೆ ಮಾತಾಡಿದೆವು. ಆ ಮಾತುಗಳನ್ನೇ ಈ ವಾರ ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕಿನಲ್ಲಿ ನಮ್ಮ ವಯಸ್ಸಿನ ಹುಡುಗರು ಬಕ್ರೀದ್ ಲೆಕ್ಕ ಹಾಕಿಕೊಂಡು ಟಗರು ಮರಿ ತಂದು ಕೊಬ್ಬಿಸುವುದು ಹೆಚ್ಚಾಗಿದೆ. ಮೇಯಿಸಿ ಸಾಕುವ ಕುರಿಯಲ್ಲಿ ಅಪರೂಪಕ್ಕೆ ಕಾಣುತ್ತಿದ್ದ ಈ ತೊಂದರೆ, ಕಟ್ಟಿಹಾಕಿ ಕಾಳು ತಿನ್ನಿಸುವ ಮರಿಗಳಲ್ಲಿ ಸುಲಭವಾಗಿ ಬರುತ್ತದೆ.

ಮೊದಲೇ ಹೇಳಿಬಿಡ್ತೀನಿ, ನಾನು ಪಶುವೈದ್ಯ ಅಲ್ಲ. ಮುನಿರಾಬಾದಿನಲ್ಲಿ ತೋಟಗಾರಿಕೆ ಓದಿದವನು. ದಾಳಿಂಬೆ, ನುಗ್ಗೆ ಬೆಳೀತೀನಿ, ಗೊಬ್ಬರಕ್ಕೆಂದು ಕುರಿ ಕಟ್ಟಿದವನು. ಇಲ್ಲಿ ಬರೆಯುವುದರಲ್ಲಿ ಅರ್ಧ ನನ್ನ ಕೊಟ್ಟಿಗೆಯಲ್ಲಿ ಕಲಿತದ್ದು, ಇನ್ನರ್ಧ ನಮ್ಮ ಪಶುವೈದ್ಯರ ಹತ್ತಿರ ಕೇಳಿ, ಓದಿ ತಿಳಿದದ್ದು.

ನನ್ನ ಕೊಟ್ಟಿಗೆಯಲ್ಲಿ ಆಗಿದ್ದು

ಎರಡು ವರ್ಷದ ಹಿಂದೆ ಹನ್ನೆರಡು ಟಗರು ಮರಿ ತಂದಿದ್ದೆ. ಒಂದೊಂದಕ್ಕೆ ಏಳೂವರೆ ಸಾವಿರ. ಬೇಗ ತೂಕ ಬರಲಿ ಅಂತ ತಂದ ವಾರದಲ್ಲೇ ಮೆಕ್ಕೆಜೋಳದ ನುಚ್ಚು ಹೊಟ್ಟೆ ತುಂಬ ಇಟ್ಟೆ. ಆ ಮೆಕ್ಕೆಜೋಳವೂ ಮಳೆಗೆ ಸಿಕ್ಕಿ ಮಾರಾಟವಾಗದೆ ಉಳಿದಿದ್ದ ಚೀಲಗಳದ್ದು. "ಹೆಂಗೂ ಮಾರಲ್ಲ, ಕುರಿಗಾದ್ರೂ ಆಗಲಿ" ಅನ್ನೋ ಲೆಕ್ಕ.

ಮೂರನೇ ವಾರ ಒಂದು ಮರಿ ಮಲಗಿದ್ದಾಗ ಬಾಲದ ಕೆಳಗೆ ಕೆಂಪಗೆ ಏನೋ ಕಂಡಿತು. ಎದ್ದು ನಿಂತಾಗ ಒಳಗೆ ಹೋಯಿತು. ಪಕ್ಕದ ಹೊಲದ ಹಿರಿಯರು ನೋಡಿ, "ಬಿಡಪ, ಮಲಗಿದಾಗ ಬರ್ತೈತಿ, ಎದ್ದಾಗ ಹೋಗ್ತೈತಿ" ಅಂದರು. ನನಗೂ ಅಷ್ಟೇ ಬೇಕಾಗಿತ್ತು, ಸುಮ್ಮನಾದೆ. ಮೂರನೇ ದಿನ ಹೊರಬಂದದ್ದು ಒಳಗೆ ಹೋಗಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ತಳ್ಳಿದೆ. ಹತ್ತು ನಿಮಿಷಕ್ಕೆ ಮತ್ತೆ ಹೊರಗೆ. ಬೆಳಗ್ಗೆ ನೋಡೋಣ ಅಂತ ಮಲಗಿದೆ. ಬೆಳಗಾಗುವಷ್ಟರಲ್ಲಿ ಕಾಗೆ ಕುಕ್ಕಿತ್ತು. ಕೆಂಪಗಿದ್ದದ್ದು ಕಪ್ಪಗಾಗಿ, ಒಣಗಿ, ವಾಸನೆ ಬರುತ್ತಿತ್ತು.

1962ಕ್ಕೆ ಫೋನ್ ಮಾಡಿದೆ. ವೈದ್ಯರು ಬಂದು, ಸತ್ತ ಭಾಗವನ್ನು ಕತ್ತರಿಸಿ ಹೊಲಿಗೆ ಹಾಕಿದರು. ಮರಿ ಎದ್ದಿತು, ಮೇಯಿತು. ಆದರೆ ಮೂರು ವಾರದ ಮೇಲೆ ಕತ್ತರಿಸಿದ ಜಾಗದಲ್ಲಿ ಗಾಯ ಮಾಯುತ್ತಾ ದಾರಿ ಕಿರಿದಾಯಿತು. ಹಿಕ್ಕೆ ಸರಿಯಾಗಿ ಬರದೆ, ಹೊಟ್ಟೆ ಉಬ್ಬಿ, ಸೊರಗಿ ಸತ್ತುಹೋಯಿತು.

ಮೊದಲನೆಯದಕ್ಕೆ ಆಪರೇಷನ್ ಆದ ಅದೇ ವಾರ ಇನ್ನೊಂದು ಮರಿಗೂ ಹೀಗೇ ಆಯಿತು. ಈ ಸಲ ಕಂಡ ಹತ್ತು ನಿಮಿಷದಲ್ಲಿ ವೈದ್ಯರಿಗೆ ಫೋಟೋ ಕಳಿಸಿದೆ, ಅವರು ಹೇಳಿದ ಹಾಗೆ ಒದ್ದೆ ಬಟ್ಟೆ ಕಟ್ಟಿ ಇಟ್ಟುಕೊಂಡೆ. ಮಧ್ಯಾಹ್ನದೊಳಗೆ ಬಂದು ಒಂದೇ ಹೊಲಿಗೆ ಹಾಕಿದರು. ಕಾಲು ಗಂಟೆಯ ಕೆಲಸ. ಆ ಮರಿ ಉಳಿದ ಹತ್ತರ ಜೊತೆ ಸಂತೆಗೆ ಹೋಯಿತು.

ಎರಡಕ್ಕೂ ಒಂದೇ ರೋಗ, ಒಂದೇ ಕೊಟ್ಟಿಗೆ. ನಡುವೆ ಇದ್ದ ವ್ಯತ್ಯಾಸ ನಾನು ಕಳೆದ ಮೂರು ದಿನ.

ಹೊರಬಂದದ್ದು ಯಾವುದು? ಮೊದಲು ಅದನ್ನ ನೋಡಿ

ದೊಡ್ಡ ಕರುಳಿನ ಕೊನೆಯ ಭಾಗ, ಅಂದರೆ ಹಿಕ್ಕೆ ಅಥವಾ ಸಗಣಿ ಹೊರಬರುವ ಮುಂಚೆ ನಿಲ್ಲುವ ಕೊಳವೆ, ತನ್ನ ಜಾಗದಲ್ಲಿ ಸಡಿಲವಾಗಿ ಗುದದ್ವಾರದಿಂದ ಹೊರಗೆ ಜಾರುವುದೇ ಈ ತೊಂದರೆ. ಪುಸ್ತಕದಲ್ಲಿ ಗುದಭ್ರಂಶ ಅಂತಾರೆ, ವೈದ್ಯರು ರೆಕ್ಟಲ್ ಪ್ರೊಲ್ಯಾಪ್ಸ್ ಅಂತಾರೆ. ಅಂಗಿಯ ತೋಳನ್ನು ಒಳಗಿನಿಂದ ಹಿಡಿದು ಎಳೆದರೆ ಒಳಮಗ್ಗುಲು ಹೊರಗಾಗುತ್ತಲ್ಲ, ಹಾಗೆ.

ಹೆಣ್ಣು ಕುರಿ, ಆಡು, ಆಕಳು, ಎಮ್ಮೆಗಳಲ್ಲಿ ಗೊಂದಲ ಆಗುತ್ತದೆ. ಹೀಗೆ ಗುರುತಿಸಿ:

- ಬಾಲದ ಕೆಳಗೆ ಮೇಲಿನ ದ್ವಾರದಿಂದ, ಕೊಳವೆಯಂತೆ ದುಂಡಗೆ, ನಡುವೆ ತೂತು ಇದ್ದು ಅಲ್ಲಿಂದ ಹಿಕ್ಕೆ ಬರುತ್ತಿದ್ದರೆ ಅದು ಗುದ.
- ಕೆಳಗಿನ ದ್ವಾರದಿಂದ, ಗಬ್ಬದ ಕೊನೆಯ ತಿಂಗಳುಗಳಲ್ಲಿ, ನುಣ್ಣನೆಯ ಚೆಂಡಿನಂತೆ ಬಂದರೆ ಅದು ಯೋನಿಯ ಭಾಗ.
- ಈದ ಮೇಲೆ ಕೆಳಗಿನ ದ್ವಾರದಿಂದ ದೊಡ್ಡ ಚೀಲದಂತೆ, ಮೈಮೇಲೆ ಗುಂಡಿ ಗುಂಡಿಯಾಗಿ ಗಂಟುಗಳಿದ್ದು ನೇತಾಡಿದರೆ ಅದು ಗರ್ಭಕೋಶ. ಇದು ಪ್ರಾಣಕ್ಕೇ ಅಪಾಯ. ಒಂದು ನಿಮಿಷವೂ ತಡ ಮಾಡಬೇಡಿ.

ಗುದವೇ ಆದರೂ ಎಲ್ಲ ಒಂದೇ ಥರ ಅಲ್ಲ. ಒಳಗಿನ ತೆಳು ಪದರ ಮಾತ್ರ ಉಂಗುರದಂತೆ ಇಣುಕಿದರೆ ಹಗುರ. ಕೊಳವೆಯ ಪೂರ್ತಿ ದಪ್ಪ ಹೊರಬಂದರೆ ಹೆಚ್ಚು. ಇನ್ನೂ ಮೇಲಿನ ಕರುಳು ಅದರೊಳಗೆ ತೂರಿಕೊಂಡು ಬಂದಿದ್ದರೆ ಅತಿ ಕಷ್ಟ. ವೈದ್ಯರು ಹೊರಬಂದ ಕೊಳವೆಗೂ ಗುದದ ಅಂಚಿಗೂ ನಡುವೆ ಬೆರಳು ಹಾಕಿ ನೋಡುತ್ತಾರೆ. ಬೆರಳು ಆಳಕ್ಕೆ ಹೋದರೆ ಮೇಲಿನ ಕರುಳು ಜಾರಿ ಬಂದಿದೆ ಎಂದು ಅರ್ಥ. ನೀವು ಈ ಪರೀಕ್ಷೆ ಮಾಡಲು ಹೋಗಬೇಡಿ. ಬಣ್ಣ ನೋಡಿ ಹೇಳಿದರೆ ಸಾಕು: ತಿಳಿಗೆಂಪಾಗಿ ಒದ್ದೆಯಾಗಿದ್ದರೆ ಹೊಸದು, ಕಡುಗೆಂಪು ಅಥವಾ ನೀಲಿಯಾಗಿ ಊದಿದ್ದರೆ ರಕ್ತ ಓಡಾಟ ನಿಲ್ಲುತ್ತಿದೆ, ಕಪ್ಪಗೆ ಒಣಗಿದ್ದರೆ ಆ ಭಾಗ ಸತ್ತಿದೆ.

ಹೊರಬಂದ ಮಾಂಸ ಯಾಕೆ ಊದುತ್ತೆ? ಗುದದ್ವಾರದ ಸ್ನಾಯು ಸುತ್ತ ಬಿಗಿಯಾಗಿ ಹಿಡಿದಿರುತ್ತದೆ. ರಕ್ತ ಒಳಗೆ ಬರುತ್ತದೆ, ವಾಪಸ್ ಹೋಗಲು ದಾರಿ ಇರೋದಿಲ್ಲ. ಊದಿದಷ್ಟೂ ಒಳಗೆ ಹೋಗಲ್ಲ, ಹೋಗದಷ್ಟೂ ಊದುತ್ತದೆ. ಹಾಗಾಗಿಯೇ ಇದರಲ್ಲಿ ಗಂಟೆಗಳ ಲೆಕ್ಕ.

ಯಾಕೆ ಬರುತ್ತೆ?

ಒಂದೇ ಮಾತಿನಲ್ಲಿ ಹೇಳೋದಾದರೆ, ಪ್ರಾಣಿ ಬಿಡದೆ ತಿಣುಕುತ್ತಿದೆ. ಗುದ ಹೊರಬಂದದ್ದು ನಮ್ಮ ಕಣ್ಣಿಗೆ ಕಾಣುವುದು ಅಷ್ಟೆ. ನಿಜವಾದ ರೋಗ ಅದನ್ನು ತಿಣುಕಿಸುತ್ತಿರುವುದು. ನಮ್ಮ ಭಾಗದಲ್ಲಿ ಹುಡುಕಬೇಕಾದ ಕಾರಣಗಳು ಇವು:

ಭೇದಿ. ಜಂತುಹುಳು, ಮತ್ತು ಮರಿಗಳಲ್ಲಿ ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಸೂಕ್ಷ್ಮಜೀವಿ. ಒದ್ದೆ ನೆಲ, ಒತ್ತೊತ್ತಾಗಿ ಕೂಡಿಹಾಕಿದ ಕೊಟ್ಟಿಗೆ ಇದಕ್ಕೆ ಅನುಕೂಲ. ಸಾಮಾನ್ಯ ಜಂತುನಾಶಕದಿಂದ ಕಾಕ್ಸಿಡಿಯಾ ಹೋಗುವುದಿಲ್ಲ, ಅದಕ್ಕೆ ಔಷಧಿಯೇ ಬೇರೆ. ಪಶು ಆಸ್ಪತ್ರೆಗೆ ಹಿಕ್ಕೆ ಕೊಂಡೊಯ್ದು ಪರೀಕ್ಷೆ ಮಾಡಿಸಿದರೆ ಯಾವುದು ಅಂತ ಗೊತ್ತಾಗುತ್ತದೆ.

ಏಕಾಏಕಿ ಕಾಳು. ಹುಲ್ಲು ತಿಂದು ಬೆಳೆದ ಮರಿಗೆ ಒಮ್ಮೆಲೇ ಮೆಕ್ಕೆಜೋಳ ಇಟ್ಟರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಾಗಿ ಭೇದಿ ಆಗುತ್ತದೆ. ಜೊತೆಗೆ ಹೊಟ್ಟೆಯೊಳಗೆ ಕೊಬ್ಬು ತುಂಬಿ ಒತ್ತಡ ಹೆಚ್ಚುತ್ತದೆ. ಕೊಬ್ಬಿಸುವ ಮರಿಗಳಲ್ಲಿ ಗುದ ಜಾರುವುದಕ್ಕೆ ಇದು ಎಲ್ಲ ದೇಶಗಳಲ್ಲೂ ಕಂಡ ಕಾರಣ.

ಬೂಷ್ಟು ಹಿಡಿದ ಮೆಕ್ಕೆಜೋಳ. ನಾವು ಮೆಕ್ಕೆಜೋಳದ ನಾಡಿನವರು, ಅದಕ್ಕೇ ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಫ್ಯುಸೇರಿಯಂ ಎಂಬ ಬೂಷ್ಟು ತೆನೆಯಲ್ಲೇ ಹತ್ತುತ್ತದೆ, ಒಕ್ಕಣೆ ಹೊತ್ತಿನಲ್ಲಿ ಮಳೆ ಬಂದರೆ ಇನ್ನೂ ಹೆಚ್ಚು. ಅದು ಬಿಡುವ ಝಿಯಾರಲೆನೋನ್ ಎಂಬ ವಿಷ ಹೆಣ್ಣು ಹಾರ್ಮೋನಿನಂತೆ ಕೆಲಸ ಮಾಡಿ, ಹಿಂಭಾಗದ ಅಂಗಗಳು ಊದಿ ಸಡಿಲ ಆಗುವಂತೆ ಮಾಡುತ್ತದೆ. ಇದಕ್ಕೆ ತುಂಬ ಬೇಗ ತುತ್ತಾಗುವುದು ಹಂದಿ. ಕುರಿ, ದನಗಳು ಅಷ್ಟು ಬೇಗ ತುತ್ತಾಗುವುದಿಲ್ಲ, ಆದರೂ ಅವಕ್ಕೆ ಅದು ಒಳ್ಳೆಯ ಮೇವು ಅಂತೂ ಅಲ್ಲ. ಬೂಷ್ಟು ಕಾಳು ಬೇರೆ ರೀತಿಯಲ್ಲೂ ಹೊಟ್ಟೆ ಕೆಡಿಸುತ್ತದೆ.

ಮೂತ್ರದಲ್ಲಿ ಕಲ್ಲು. ಟಗರು ತಿಣುಕುತ್ತಿದ್ದರೆ ಅದು ಹಿಕ್ಕೆಗೋ, ಉಚ್ಚೆಗೋ ನೋಡಿ. ಬರೀ ಕಾಳು ಮತ್ತು ತೌಡು ತಿನ್ನುವ, ನೀರು ಕಡಿಮೆ ಕುಡಿಯುವ ಗಂಡು ಪ್ರಾಣಿಗಳಲ್ಲಿ ಉಚ್ಚೆಯ ದಾರಿಗೆ ಕಲ್ಲು ಕಟ್ಟುತ್ತದೆ. ಹನಿ ಹನಿಯಾಗಿ ಉಚ್ಚೆ ಹೊಯ್ದರೆ, ಪೂರ್ತಿ ನಿಂತರೆ, ಅದೇ ದೊಡ್ಡ ರೋಗ. ಗುದ ಹೊಲಿಸಿ ಪ್ರಯೋಜನ ಇಲ್ಲ.

ಕೆಮ್ಮು. ವಾರಗಟ್ಟಲೆ ಕೆಮ್ಮುವ ಮರಿಗೂ ಪ್ರತಿ ಕೆಮ್ಮಿಗೆ ಹಿಂಭಾಗದ ಮೇಲೆ ಒತ್ತಡ ಬೀಳುತ್ತದೆ. ಧೂಳಿನ ನುಚ್ಚು, ಗಾಳಿಯಾಡದ ಕೊಟ್ಟಿಗೆ ಇದ್ದರೆ ಕೆಮ್ಮು ಹೆಚ್ಚು.

ಕಷ್ಟದ ಹೆರಿಗೆ, ಮಲಬದ್ಧತೆ. ಆಕಳು, ಎಮ್ಮೆಗಳಲ್ಲಿ ಇವೂ ಕಾರಣ.

ನಮ್ಮ ಕೊಟ್ಟಿಗೆಗೆ ಬಂದ ವೈದ್ಯರು ಹೊಲಿಗೆ ಮುಗಿಸಿ ಕೈ ತೊಳೆಯುತ್ತಾ ಕೇಳಿದ್ದು ಒಂದೇ ಪ್ರಶ್ನೆ: "ಏನು ತಿನ್ನಿಸ್ತೀರಿ?" ಚೀಲ ಬಿಚ್ಚಿ ತೋರಿಸಿದೆ. ಒಂದು ಹಿಡಿ ತೆಗೆದು ಮೂಸಿ ನನ್ನ ಮೂಗಿನ ಹತ್ತಿರ ಹಿಡಿದರು. ಬೂಷ್ಟು ವಾಸನೆ. ಹಿಕ್ಕೆ ಪರೀಕ್ಷೆಯಲ್ಲಿ ಕಾಕ್ಸಿಡಿಯಾವೂ ಸಿಕ್ಕಿತು. ದಾಳಿಂಬೆ ಎಲೆಯ ಮೇಲೆ ಒಂದು ಚುಕ್ಕೆ ಕಂಡರೆ ಬೇರಿನವರೆಗೆ ಹುಡುಕುವವನು ನಾನು. ಕುರಿ ವಿಷಯದಲ್ಲಿ ಚೀಲದ ಬಾಯಿಯನ್ನೂ ಬಿಚ್ಚಿ ನೋಡಿರಲಿಲ್ಲ.

ವೈದ್ಯರು ಬರುವವರೆಗೆ

ಮೊದಲು ಒಂದು ಎಚ್ಚರಿಕೆ. ಪ್ರಾಣಿ ಬಿಡದೆ ತಿಣುಕುವುದರ ಜೊತೆಗೆ ಜೊಲ್ಲು ಸುರಿಸುತ್ತಿದ್ದರೆ, ದನಿ ಬದಲಾಗಿ ಒರಲುತ್ತಿದ್ದರೆ, ನುಂಗಲು ಆಗದಿದ್ದರೆ, ಮೈಮೇಲೆ ಏರಿ ಬಂದರೆ ಅಥವಾ ಹಿಂಗಾಲು ಸೋತರೆ, ಕೈ ಹಾಕಬೇಡಿ. ಬಾಯಿಗೂ ಬೇಡ, ಹಿಂದೆಯೂ ಬೇಡ. ಹುಚ್ಚುನಾಯಿ ರೋಗ ಬಂದ ದನಗಳಲ್ಲೂ ಹೀಗೆ ತಿಣುಕುವುದು ಒಂದು ಲಕ್ಷಣ. ದೂರ ಕಟ್ಟಿ, ವೈದ್ಯರಿಗೆ ಫೋನಿನಲ್ಲೇ ಈ ಲಕ್ಷಣಗಳನ್ನು ಹೇಳಿ. ಈಗಾಗಲೇ ಜೊಲ್ಲು ಕೈಗೆ ತಾಗಿದ್ದರೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ.

ಇವು ಯಾವುದೂ ಇಲ್ಲದಿದ್ದರೆ ಹೀಗೆ ಮಾಡಿ:

1. ಹಿಂಡಿನಿಂದ ಬೇರೆ ಮಾಡಿ ನೆರಳಿನಲ್ಲಿ, ಶುಭ್ರ ಜಾಗದಲ್ಲಿ ಕಟ್ಟಿ. ಕಾಗೆ, ನಾಯಿ, ನೊಣ ಹತ್ತಿರ ಬರದಂತೆ ಯಾರಾದರೂ ಒಬ್ಬರು ಕಾಯಬೇಕು.
2. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕಿ, ಮೇಲಿಂದ ಸುರಿದು ಮಣ್ಣು, ಹಿಕ್ಕೆ ತೊಳೆಯಿರಿ. ಉಜ್ಜಬೇಡಿ.
3. ಒಗೆದ ಹತ್ತಿ ಬಟ್ಟೆಯನ್ನು ಅದೇ ನೀರಿನಲ್ಲಿ ಅದ್ದಿ ಮುಚ್ಚಿ. ಒಣಗಲು ಬಿಡಬೇಡಿ.
4. ತುಂಬ ಊದಿದ್ದರೆ ವೈದ್ಯರನ್ನು ಫೋನಿನಲ್ಲಿ ಕೇಳಿ ಸಕ್ಕರೆ ಹಾಕಿ. ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿಟ್ಟರೆ ನೀರು ಬಿಡುತ್ತಲ್ಲ, ಅದೇ ತತ್ವ. ಸಕ್ಕರೆ ಊತದ ನೀರನ್ನು ಎಳೆಯುತ್ತದೆ, ಮಾಂಸ ಕುಗ್ಗುತ್ತದೆ. ಇರುವೆ ಬರದಂತೆ ನೋಡಿಕೊಳ್ಳಿ.
5. ಕಾಳು, ಹಿಂಡಿ ನಿಲ್ಲಿಸಿ. ನೀರು ಇಡಿ.
6. ಫೋಟೋ ಎರಡು ತೆಗೆಯಿರಿ, ಒಂದು ಹತ್ತಿರದಿಂದ, ಒಂದು ಪೂರ್ತಿ ಪ್ರಾಣಿ ಕಾಣುವಂತೆ. ತಿಣುಕುವಾಗ ಅರ್ಧ ನಿಮಿಷದ ವಿಡಿಯೋ. ಜೊತೆಗೆ ಬರೆಯಿರಿ: ಯಾವಾಗ ಕಂಡಿತು, ಭೇದಿ ಇದೆಯೇ, ಉಚ್ಚೆ ಹೊಯ್ಯುತ್ತಿದೆಯೇ, ಏನು ತಿಂದಿತ್ತು, ಗಬ್ಬವೇ. ಈ ಐದು ಉತ್ತರ ಇದ್ದರೆ ವೈದ್ಯರು ಯಾವ ಸಾಮಾನು ತರಬೇಕು ಅಂತ ಅಲ್ಲೇ ತೀರ್ಮಾನಿಸುತ್ತಾರೆ.

ನಿಮ್ಮ ಊರಿನ ಪಶು ಆಸ್ಪತ್ರೆ ನಂಬರು ಈಗಲೇ ಫೋನಿನಲ್ಲಿ ಉಳಿಸಿಕೊಳ್ಳಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962, ಇದು ಉಚಿತ ಕರೆ.

ಮಾಡಬಾರದ್ದು: ಸುಣ್ಣ, ಬೂದಿ, ಸೀಮೆಎಣ್ಣೆ, ಖಾರದ ಯಾವ ಪುಡಿಯನ್ನೂ ಹಾಕಬೇಡಿ. ಬುಡಕ್ಕೆ ದಾರ ಬಿಗಿಯಬೇಡಿ. ಚೀಲ ಹೊಲಿಯುವ ದಬ್ಬಣ ತರಬೇಡಿ. ಕತ್ತರಿಸಬೇಡಿ, ಒಳಗೆ ಕರುಳಿನ ಇನ್ನೊಂದು ಪದರ ಇರಬಹುದು. ಕೋಲಿನಿಂದಲೋ ಬಲವಾಗಿ ಬೆರಳಿನಿಂದಲೋ ತಳ್ಳಬೇಡಿ. ಊದಿದ ಕರುಳು ನೆನೆದ ಕಾಗದದ ಹಾಗೆ, ಹರಿದರೆ ಹೊಟ್ಟೆಯೊಳಗೆ ಹೊಲಸು ಸೇರಿ ಪ್ರಾಣಿ ಉಳಿಯೋದಿಲ್ಲ.

ವೈದ್ಯರು ಏನು ಮಾಡುತ್ತಾರೆ?

ಮೊದಲು ಬಾಲದ ಬುಡದ ಸಂದಿನಲ್ಲಿ, ಬಾಲ ಎತ್ತಿ ಇಳಿಸಿದಾಗ ಮಡಚುವ ಜಾಗದಲ್ಲಿ, ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಇದರಿಂದ ನೋವು ನಿಲ್ಲುತ್ತದೆ, ಜೊತೆಗೆ ತಿಣುಕುವುದೂ ನಿಲ್ಲುತ್ತದೆ. ಇಷ್ಟಾಗದೆ ತಳ್ಳಿದರೆ ನಾವು ಒಳಗೆ ತಳ್ಳುತ್ತೇವೆ, ಅದು ಹೊರಗೆ ತಳ್ಳುತ್ತದೆ. ನನ್ನ ಕೊಬ್ಬರಿ ಎಣ್ಣೆ ಹತ್ತೇ ನಿಮಿಷ ತಾಳಿದ್ದು ಇದಕ್ಕೇ. ಕುರಿ, ಆಡುಗಳಿಗೆ ಈ ಔಷಧಿ ಸ್ವಲ್ಪ ಹೆಚ್ಚಾದರೂ ಅಪಾಯ, ನೀವೇ ತಂದು ಚುಚ್ಚಲು ಹೋಗಬೇಡಿ.

ಆಮೇಲೆ ಹೊರಬಂದ ಭಾಗದ ಸ್ಥಿತಿ ನೋಡಿ ನಾಲ್ಕರಲ್ಲಿ ಒಂದು ದಾರಿ ಹಿಡಿಯುತ್ತಾರೆ.

ಒಂದು, ಒಳಗೆ ತಳ್ಳಿ ಸಂಚಿ ಹೊಲಿಗೆ. ಮಾಂಸ ಜೀವಂತ ಇದ್ದರೆ ಇದೇ ಸಾಕು. ತೊಳೆದು, ಊತ ಇಳಿಸಿ, ಜಾರುವ ಜೆಲ್ ಹಚ್ಚಿ, ಅಂಗೈಯಿಂದ ನಿಧಾನವಾಗಿ ಒಳಗೆ ಸೇರಿಸುತ್ತಾರೆ. ನಂತರ ಗುದದ್ವಾರದ ಸುತ್ತ ಚರ್ಮದಲ್ಲಿ ದಪ್ಪ ದಾರ ಪೋಣಿಸಿ ಎಳೆದು ಗಂಟು ಹಾಕುತ್ತಾರೆ. ಅಜ್ಜಿಯ ಎಲೆಅಡಿಕೆ ಸಂಚಿಯ ಬಾಯಿ ಎಳೆದ ಹಾಗೆ. ಪೂರ್ತಿ ಮುಚ್ಚುವುದಿಲ್ಲ. ಕುರಿಗೆ ಒಂದು ಬೆರಳು ಹೋಗುವಷ್ಟು, ದೊಡ್ಡ ದನಕ್ಕೆ ಇನ್ನೂ ಅಗಲ ಬಿಡುತ್ತಾರೆ. ಬಿಗಿಯಾದರೆ ಸಗಣಿ ನಿಲ್ಲುತ್ತದೆ, ಸಡಿಲವಾದರೆ ಮತ್ತೆ ಜಾರುತ್ತದೆ. ಆ ಅಳತೆ ಕೈ ಪಳಗಿದವರಿಗೇ ಗೊತ್ತು.

ಎರಡು, ಒಳಪದರ ಸುಲಿದು ಹೊಲಿಯುವುದು. ಮೇಲಿನ ತೆಳು ಪದರ ಮಾತ್ರ ಹುಣ್ಣಾಗಿ, ಕೆಳಗಿನ ಸ್ನಾಯು ಚೆನ್ನಾಗಿದ್ದರೆ, ಕೆಟ್ಟ ಪದರವನ್ನು ಉಂಗುರದಂತೆ ಸುಲಿದು ತೆಗೆದು, ಒಳ್ಳೆಯ ಅಂಚುಗಳನ್ನು ಸೇರಿಸಿ ಹೊಲಿಯುತ್ತಾರೆ. ಸ್ನಾಯು ಉಳಿಯುವುದರಿಂದ ಬೇಗ ಮಾಯುತ್ತದೆ.

ಮೂರು, ಕತ್ತರಿಸಿ ಹೊಲಿಯುವುದು. ಪೂರ್ತಿ ದಪ್ಪ ಸತ್ತಿದ್ದರೆ ಬೇರೆ ದಾರಿ ಇಲ್ಲ. ಸತ್ತ ತುಂಡು ತೆಗೆದು, ಹೊರಗಿನ ಕೊಳವೆಯ ಅಂಚನ್ನು ಒಳಗಿನ ಕೊಳವೆಯ ಅಂಚಿಗೆ ಸುತ್ತಲೂ ಹೊಲಿಯುತ್ತಾರೆ. ಹೊಲಿಗೆ ಬಿಟ್ಟುಕೊಳ್ಳುವ, ಸೋಂಕಿನ, ಮಾಯುವಾಗ ದಾರಿ ಕಿರಿದಾಗುವ ಅಪಾಯ ಇದರಲ್ಲೇ ಹೆಚ್ಚು. ನನ್ನ ಮೊದಲ ಮರಿ ಹೋದದ್ದು ಹೀಗೇ.

ನಾಲ್ಕು, ಕೊಳವೆ ಮತ್ತು ರಬ್ಬರ್ ಉಂಗುರ. ಒಳಗೆ ಟೊಳ್ಳು ಪ್ಲಾಸ್ಟಿಕ್ ಕೊಳವೆ ಇಟ್ಟು, ಅದರ ಮೇಲೆ ಮಾಂಸಕ್ಕೆ ಬಿಗಿ ರಬ್ಬರ್ ಹಾಕುತ್ತಾರೆ. ಕೊಳವೆಯಿಂದ ಹಿಕ್ಕೆ ಬರುತ್ತಿರುತ್ತದೆ, ಕೆಲವು ದಿನಗಳಲ್ಲಿ ಸತ್ತ ಭಾಗ ಕೊಳವೆಯ ಜೊತೆ ಉದುರುತ್ತದೆ. ಹಂದಿ ಮರಿ, ಮಾಂಸಕ್ಕೆ ಬೆಳೆಸುವ ಕುರಿಮರಿಗಳಲ್ಲಿ ಬಳಸುವ ವಿಧಾನ. ನೋಡಲು ಸುಲಭ, ಆದರೆ ಒಳಗೆ ಇನ್ನೊಂದು ಕರುಳು ಸಿಕ್ಕಿಕೊಂಡಿಲ್ಲ ಅಂತ ಖಾತ್ರಿ ಆದ ಮೇಲೇ ಮಾಡಬೇಕು.

ಈ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿ ಮನುಷ್ಯರ ಗುದಭ್ರಂಶಕ್ಕೆ ಶಾಖ ಕೊಟ್ಟು, ಎಣ್ಣೆ ಹಚ್ಚಿ, ಒಳಗೆ ಸೇರಿಸಿ, ನಡುವೆ ತೂತು ಇರುವ ಚರ್ಮದ ಪಟ್ಟಿ ಕಟ್ಟುವ ವಿಧಾನ ಹೇಳಿದೆ. ಜಾರದಂತೆ ತಡೆಯಬೇಕು, ದಾರಿಯನ್ನೂ ಬಿಡಬೇಕು. ಸಂಚಿ ಹೊಲಿಗೆಯ ಲೆಕ್ಕವೂ ಅದೇ.

ಆಮೇಲಿನ ಏಳು ದಿನ ನಿಮ್ಮದು

ವೈದ್ಯರು ಹೋದ ಮೇಲೆ ನಿಮ್ಮ ಕೆಲಸ ಶುರು.

- ಬೆಳಗ್ಗೆ, ಸಂಜೆ ಹಿಕ್ಕೆ ಬರುತ್ತಿದೆಯೇ ನೋಡಿ. ಒಂದು ದಿನ ಬರದೆ ತಿಣುಕುತ್ತಿದ್ದರೆ ಹೊಲಿಗೆ ಬಿಗಿಯಾಗಿರಬಹುದು, ಕೂಡಲೇ ಫೋನ್ ಮಾಡಿ.
- ಸಂಚಿ ಹೊಲಿಗೆಯನ್ನು ಸಾಮಾನ್ಯವಾಗಿ ಐದರಿಂದ ಏಳು ದಿನಕ್ಕೆ ತೆಗೆಯುತ್ತಾರೆ. ದಿನಾಂಕ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಮರೆತರೆ ದಾರ ಚರ್ಮವನ್ನು ಕೊಯ್ಯುತ್ತದೆ.
- ಎಳೆಯ ಹಸಿಮೇವು ಸ್ವಲ್ಪ ಸ್ವಲ್ಪವಾಗಿ ಕೊಡಿ, ಭೇದಿ ಇದ್ದರೆ ಒಣಮೇವು. ಹಿಕ್ಕೆ ಮೆತ್ತಗಿರಬೇಕು, ನೀರಾಗಬಾರದು.
- ಎಣ್ಣೆ ಕುಡಿಸಬೇಕಾ ಅಂತ ವೈದ್ಯರನ್ನು ಕೇಳಿ. ತಲೆ ಮೇಲೆತ್ತಿ ಗಬಗಬ ಸುರಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿದು ಅದರಿಂದಲೇ ಸಾಯುತ್ತದೆ.
- ನೊಣ ಕೂತು ಹುಳ ಬೀಳದಂತೆ ದಿನಾ ಶುಭ್ರ ಮಾಡಿ.
- ಕಾರಣಕ್ಕೆ ಕೊಟ್ಟ ಔಷಧಿ ಪೂರ್ತಿ ಮುಗಿಸಿ. ತಿಣುಕುವುದು ನಿಲ್ಲದಿದ್ದರೆ ಯಾವ ಹೊಲಿಗೆಯೂ ನಿಲ್ಲೋದಿಲ್ಲ.

ಗುದ ಜಾರಿದ ಟಗರು, ಕುರಿಯನ್ನು ತಳಿಗೆ ಇಟ್ಟುಕೊಳ್ಳಬೇಡಿ. ಸಡಿಲತನ ಸ್ವಲ್ಪ ಮಟ್ಟಿಗೆ ಸಂತಾನಕ್ಕೂ ಬರುತ್ತದೆ. ಮಾರುವಾಗ ಮುಚ್ಚಿಡಬೇಡಿ. ಕುರ್ಬಾನಿಗೆ ದೋಷವಿಲ್ಲದ ಪ್ರಾಣಿ ಬೇಕು ಅನ್ನುವವರಿಗೆ ಹೊಲಿಗೆಯ ಗುರುತು ಇರುವುದನ್ನು ಸುಳ್ಳು ಹೇಳಿ ಕೊಟ್ಟರೆ, ಮುಂದಿನ ವರ್ಷ ಅವರು ನಿಮ್ಮ ಕೊಟ್ಟಿಗೆ ಕಡೆ ತಿರುಗಿ ನೋಡೋದಿಲ್ಲ. ನಾನು ಹೇಳಿಯೇ ಮಾರಿದೆ. ಮಾಂಸದ ಅಂಗಡಿಯವರು ಸ್ವಲ್ಪ ಕಡಿಮೆಗೆ ಒಯ್ದರು. ಆಂಟಿಬಯೋಟಿಕ್ ಕೊಟ್ಟಿದ್ದರೆ ಎಷ್ಟು ದಿನ ಮಾಂಸಕ್ಕೆ, ಹಾಲಿಗೆ ಕೊಡಬಾರದು ಅಂತ ವೈದ್ಯರಿಂದ ಬರೆಸಿಕೊಳ್ಳಿ.

"ಅಣ್ಣ, ನೀವು ಸಾವಯವದವರು, ಇಂಜೆಕ್ಷನ್ ಕೊಡಿಸಬಹುದಾ?" ಅಂತ ಕೆಲವರು ಕೇಳ್ತಾರೆ. ಕೊಡಿಸಬಹುದು, ಕೊಡಿಸಲೇಬೇಕು. ನಮ್ಮ ದೇಶದ ಸಾವಯವ ಮಾನದಂಡಗಳಲ್ಲೂ ಬೇರೆ ದಾರಿ ಇಲ್ಲದಾಗ ಪ್ರಾಣಿಗೆ ಔಷಧಿ ಕೊಡಲು ಅವಕಾಶ ಇದೆ. ಆಮೇಲೆ ಕಾಯುವ ದಿನಗಳನ್ನು ಮಾಮೂಲಿಗಿಂತ ಎರಡು ಪಟ್ಟು ಇಡಬೇಕು, ಅಷ್ಟೆ. ನೋವಿನಲ್ಲಿರುವ ಪ್ರಾಣಿಯನ್ನು ಹಾಗೇ ಬಿಡುವುದಕ್ಕೆ ಸಾವಯವ ಅನ್ನೋದಿಲ್ಲ.

ಮತ್ತೆ ಬರದಂತೆ

ಈಗ ನಾನು ಮಾಡುವುದು ಇಷ್ಟು. ಮರಿ ತಂದ ಮೇಲೆ ಮೊದಲು ಒಣಮೇವು, ಹಿಕ್ಕೆ ಪರೀಕ್ಷೆ. ಕಾಳು ಒಂದು ಹಿಡಿಯಿಂದ ಶುರು ಮಾಡಿ ಎರಡು ಮೂರು ವಾರದಲ್ಲಿ ನಿಧಾನವಾಗಿ ಏರಿಸುತ್ತೇನೆ. ಶೇಂಗಾ ಹೊಟ್ಟು, ಜೋಳದ ಸೊಪ್ಪೆ ಪ್ರತಿದಿನ ಇರುತ್ತದೆ. ಉಪ್ಪಿನ ಇಟ್ಟಿಗೆ ನೇತು ಹಾಕಿ, ನೀರು ಯಾವಾಗಲೂ ತುಂಬಿಟ್ಟಿರುತ್ತೇನೆ. ಮೆಕ್ಕೆಜೋಳವನ್ನು ತೇವ ಶೇಕಡಾ 14ಕ್ಕಿಂತ ಕಡಿಮೆ ಆಗುವವರೆಗೆ ಒಣಗಿಸಿ, ನೆಲದಿಂದ ಎತ್ತರಕ್ಕೆ ಹಲಗೆಯ ಮೇಲೆ ಇಡುತ್ತೇನೆ. ಬೂಷ್ಟು ವಾಸನೆ ಬಂದ ಚೀಲ ಸೀದಾ ಕಾಂಪೋಸ್ಟ್ ಗುಂಡಿಗೆ. ಕೊಟ್ಟಿಗೆ ನೆಲ ಒಣಗಿರುವಂತೆ ದಿನಾ ಗುಡಿಸಿ, ವಾರಕ್ಕೊಮ್ಮೆ ಬೂದಿ ಉದುರಿಸುತ್ತೇನೆ. ಅದಾದ ಮೇಲೆ ಎರಡು ಬ್ಯಾಚ್ ಮುಗಿಸಿದ್ದೇನೆ, ಒಂದಕ್ಕೂ ಈ ತೊಂದರೆ ಬರಲಿಲ್ಲ.

ಕೊನೆಯದಾಗಿ, ಮನೆಯೊಳಗಿನ ಮಾತು

ಎರಡನೇ ಮರಿಗೆ ಬೇವಿನ ಮರದ ಕೆಳಗೆ ಹೊಲಿಗೆ ಹಾಕುವಾಗ ನಮ್ಮ ದೊಡ್ಡಮ್ಮ ದೂರ ನಿಂತು ನೋಡುತ್ತಿದ್ದಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಮಂದಿಗೂ ಹಿಂಗ ಆದ್ರ ಹೊಲಿತಾರೇನಪ್ಪ?"

ನಾಲ್ಕು ವರ್ಷದಿಂದ ಅವಳಿಗೆ ಇದೇ ತೊಂದರೆ ಇತ್ತು. ಬಯಲಿಗೆ ಹೋದಾಗೆಲ್ಲ ಹೊರಬಂದದ್ದನ್ನು ತಾನೇ ಕೈಯಿಂದ ಒಳಗೆ ಸೇರಿಸಿಕೊಳ್ಳುತ್ತಿದ್ದಳು. ಮದುವೆ, ಜಾತ್ರೆಗೆ ಬರೋದು ಬಿಟ್ಟಿದ್ದಳು. ಕೊಟ್ಟೂರು ತೇರಿಗೆ ಯಾಕೆ ಬರೋದಿಲ್ಲ ಅಂತ ನಾವೆಲ್ಲ ತಮಾಷೆ ಮಾಡಿದ್ದೆವು. ಮೂಲವ್ಯಾಧಿ ಅಂತ ತಿಳಿದು ಯಾವುದೋ ಪುಡಿ ತಿನ್ನುತ್ತಿದ್ದಳು.

ಮೂಲವ್ಯಾಧಿ ಬೇರೆ, ಇದು ಬೇರೆ. ಮೂಲವ್ಯಾಧಿಯಲ್ಲಿ ಹೊರಬಂದದ್ದು ಹೂವಿನ ಎಸಳಿನಂತೆ ಬಿಡಿಬಿಡಿಯಾಗಿರುತ್ತದೆ. ಗುದ ಪೂರ್ತಿ ಜಾರಿದ್ದರೆ ಒಂದರೊಳಗೊಂದು ಉಂಗುರಗಳಂತೆ ಕಾಣುತ್ತದೆ. ನೋಡಿ ಹೇಳಬೇಕಾದವರು ವೈದ್ಯರು. ಚಿಕ್ಕ ಮಕ್ಕಳಲ್ಲಿ ಭೇದಿ, ಜಂತುಹುಳು, ಮಲಬದ್ಧತೆ, ಅಪೌಷ್ಟಿಕತೆ ಸರಿಪಡಿಸಿದರೆ ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ. ದೊಡ್ಡವರಲ್ಲಿ, ಅದರಲ್ಲೂ ವಯಸ್ಸಾದ ಹೆಂಗಸರಲ್ಲಿ, ಆಪರೇಷನ್ನೇ ಪರಿಹಾರ. ಗಟ್ಟಿಮುಟ್ಟಾಗಿರುವವರಿಗೆ ಹೊಟ್ಟೆಯ ಮೂಲಕ, ಈಗ ಬಹಳ ಕಡೆ ಸಣ್ಣ ರಂಧ್ರಗಳಿಂದಲೇ, ಜಾರಿದ ಕೊಳವೆಯನ್ನು ಮೇಲೆತ್ತಿ ಬೆನ್ನಿನ ಕೆಳಗಿನ ಮೂಳೆಗೆ ಹೊಲಿದು ನಿಲ್ಲಿಸುತ್ತಾರೆ. ತೀರಾ ಬಳಲಿದವರಿಗೆ ಕೆಳಗಿನಿಂದಲೇ ಪದರ ಸುಲಿದೋ, ತುಂಡು ತೆಗೆದೋ ಹೊಲಿಯುತ್ತಾರೆ. 1891ರಲ್ಲಿ ಜರ್ಮನಿಯ ಥೀರ್ಶ್ ಎಂಬ ವೈದ್ಯ ಗುದದ ಸುತ್ತ ಬೆಳ್ಳಿ ತಂತಿ ಹಾಕುವ ವಿಧಾನ ಹೇಳಿದ್ದ. ನಮ್ಮ ಮರಿಯ ಸಂಚಿ ಹೊಲಿಗೆಗೆ ಅದು ಅಣ್ಣತಮ್ಮ. ಮತ್ತೆ ಜಾರುವುದು, ತಂತಿ ಕೊಯ್ಯುವುದು ಹೆಚ್ಚಾದ್ದರಿಂದ ಈಗ ಮನುಷ್ಯರಲ್ಲಿ ಅದನ್ನು ಅಪರೂಪಕ್ಕೆ ಮಾತ್ರ ಮಾಡುತ್ತಾರೆ.

ದೊಡ್ಡಮ್ಮನಿಗೆ ಹೊಟ್ಟೆಯ ಮೂಲಕವೇ ಆಯಿತು. ಒಂದು ವಾರ ಆಸ್ಪತ್ರೆ, ಎರಡು ತಿಂಗಳು ಭಾರ ಎತ್ತಬೇಡ ಅಂದರು. ಮುಂದಿನ ವರ್ಷ ತೇರಿಗೆ ಬಂದಳು.

ನಿಮ್ಮ ಮನೆಯಲ್ಲೂ ಹೀಗೆ ಮುಚ್ಚಿಟ್ಟುಕೊಂಡವರು ಇರಬಹುದು. ತಾಲ್ಲೂಕು ಆಸ್ಪತ್ರೆಯ ಸರ್ಜನ್ ಹತ್ತಿರ ತೋರಿಸಿ, ಅವರು ಬೇಕಾದರೆ ಬಳ್ಳಾರಿಗೆ ಬರೆದುಕೊಡುತ್ತಾರೆ. ಆಯುಷ್ಮಾನ್ ಕಾರ್ಡ್ ಜೊತೆಗೆ ಒಯ್ಯಿರಿ. ಹೆಂಗಸರು ಗಂಡಸರ ಮುಂದೆ ಹೇಳಲ್ಲ, ಹಾಗಾಗಿ ಈ ಬರಹವನ್ನ ಅಕ್ಕನಿಗೋ, ಹೆಂಡತಿಗೋ ಓದಿ ಹೇಳಿ. ಅವರು ಕೇಳಬೇಕಾದವರನ್ನು ಕೇಳುತ್ತಾರೆ.

ಅಂದಹಾಗೆ, ಹರಪನಹಳ್ಳಿ ಗೆಳೆಯನ ಮರಿಗೆ ಮರುದಿನ ಬೆಳಗ್ಗೆ ಎಂಟಕ್ಕೇ ಹೊಲಿಗೆ ಬಿತ್ತು. ರಾತ್ರಿಯೆಲ್ಲ ಒದ್ದೆ ಬಟ್ಟೆ ಬದಲಿಸುತ್ತಾ ಕೂತಿದ್ದನಂತೆ. ನಿನ್ನೆ ಹೊಲಿಗೆ ಬಿಚ್ಚಿದ್ದಾರೆ, ಹಿಕ್ಕೆ ಸರಿಯಾಗಿ ಬರ್ತಿದೆ. ಮೆಕ್ಕೆಜೋಳದ ಚೀಲ ಬಿಚ್ಚಿ ಮೂಸಿ ನೋಡಿದ್ಯಾ ಅಂತ ಕೇಳಿದೆ. "ನೋಡ್ದೆ ಅಣ್ಣ, ಗುಂಡಿಗೆ ಹಾಕ್ದೆ" ಅಂದ.